ಎಳೆಗೂಸಿನ ರಕ್ತಕ್ಕೆ ಬೀಗ ಹಾಕುವ ವಂಶವಾಹಿ

ಕುಡುಗೋಲು ಕಣ ರೋಗವಿರುವ ಮಗು ಹುಟ್ಟಿದ ಮೊದಲ ಕೆಲವು ತಿಂಗಳು ಚೆನ್ನಾಗಿಯೇ ಇರುತ್ತದೆ. ಆರು ತಿಂಗಳು ಕಳೆದ ಮೇಲೆ ಅಂಗೈ, ಪಾದಗಳು ಊದಿಕೊಳ್ಳುತ್ತವೆ. ನೋವಿಗೆ ಮಗು ಚೀರುತ್ತದೆ. ಅಲ್ಲಿಯವರೆಗೆ ರೋಗ ಸುಮ್ಮನಿದ್ದುದೇಕೆ? ತಾಯಿಯ ಹೊಟ್ಟೆಯಲ್ಲಿದ್ದಾಗ ತಯಾರಾದ ಭ್ರೂಣ ಹಿಮೋಗ್ಲೋಬಿನ್ ಮಗುವನ್ನು ಕಾಯುತ್ತಿರಬೇಕೆಂದು ಅಮೆರಿಕದ ಮಕ್ಕಳ ವೈದ್ಯೆ ಜಾನೆಟ್ ವಾಟ್ಸನ್ 1948ರಲ್ಲೇ ಸೂಚಿಸಿದ್ದರು.

ಹುಟ್ಟಿದ ಮೇಲೆ ಅದು ಕಡಿಮೆಯಾಗುತ್ತಾ ವಯಸ್ಕರ ಹಿಮೋಗ್ಲೋಬಿನ್ ಅದರ ಜಾಗಕ್ಕೆ ಬರುತ್ತದೆ. ದೋಷವಿರುವುದು ಇದರಲ್ಲಿ. ಬೀಟಾ ಸರಪಳಿಯ ಆರನೆಯ ಸ್ಥಾನದಲ್ಲಿ ಗ್ಲುಟಾಮಿಕ್ ಆಮ್ಲದ ಬದಲು ವ್ಯಾಲಿನ್ ಕೂತಿರುತ್ತದೆ, ಅಷ್ಟೆ. ಆಮ್ಲಜನಕ ಬಿಟ್ಟುಕೊಟ್ಟ ಕೂಡಲೇ ಇಂಥ ಹಿಮೋಗ್ಲೋಬಿನ್ ಒಂದಕ್ಕೊಂದು ಅಂಟಿ ಎಳೆಗಳಾಗುತ್ತದೆ. ದುಂಡಗಿನ ಕೆಂಪು ಕಣ ಕುಡುಗೋಲಿನಂತೆ ಬಾಗಿ ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಕೊಳ್ಳುತ್ತದೆ.

ಭ್ರೂಣ ಹಿಮೋಗ್ಲೋಬಿನ್ ತಯಾರಿಸುವ ವಂಶವಾಹಿ ಆಗಲೂ ದೇಹದಲ್ಲೇ ಇರುತ್ತದೆ, ಆದರೆ ಅದಕ್ಕೆ ಬೀಗ ಬಿದ್ದಿರುತ್ತದೆ. ಬೀಗ ಹಾಕುವುದು ಎರಡನೆಯ ವರ್ಣತಂತುವಿನಲ್ಲಿರುವ ಬಿಸಿಎಲ್11ಎ ಎಂಬ ಇನ್ನೊಂದು ವಂಶವಾಹಿಯೆಂದು 2008ರಲ್ಲಿ ಬಾಸ್ಟನ್ನಿನ ಸ್ಟುವರ್ಟ್ ಆರ್ಕಿನ್ ಮತ್ತು ಆಗಿನ್ನೂ ವಿದ್ಯಾರ್ಥಿಯಾಗಿದ್ದ ವಿಜಯ್ ಶಂಕರನ್ ತೋರಿಸಿದರು. ಇದು ರೂಪಿಸುವ ಪ್ರೊಟೀನು ಮೇಸ್ತ್ರಿಯಂತೆ. ಬೇರೆ ವಂಶವಾಹಿಗಳ ಬಳಿ ಕೂತು ಅವುಗಳ ಕೆಲಸ ನಿಲ್ಲಿಸುತ್ತದೆ. 2011ರಲ್ಲಿ ರೋಗಪೀಡಿತ ಇಲಿಗಳ ಕೆಂಪು ಕಣಗಳಲ್ಲಿ ಇದನ್ನು ತೆಗೆದಾಗ ರೋಗ ಶಮನವಾಯಿತು.

ಹಾಗೆಂದು ಇಡೀ ದೇಹದಿಂದ ಕಿತ್ತುಹಾಕುವಂತಿಲ್ಲ. ಮಿದುಳಿನ ಬೆಳವಣಿಗೆಗೂ ಈ ಮೇಸ್ತ್ರಿ ಬೇಕು. ಇದರ ಒಂದು ಪ್ರತಿ ಕೆಟ್ಟು ಹುಟ್ಟಿದ ಮಕ್ಕಳಲ್ಲಿ ಭ್ರೂಣ ಹಿಮೋಗ್ಲೋಬಿನ್ ಹೆಚ್ಚಾಗಿ ಉಳಿಯುತ್ತದೆ ನಿಜ, ಆದರೆ ಬುದ್ಧಿ, ಮಾತು ಹಿಂದೆ ಬೀಳುತ್ತವೆ. ದಾರಿ ಸಿಕ್ಕಿದ್ದು 2013ರಲ್ಲಿ. ಈ ವಂಶವಾಹಿಯೊಳಗೆ, ಕೆಂಪು ಕಣಗಳ ವಂಶದಲ್ಲಿ ಮಾತ್ರ ಅದನ್ನು ಚುರುಕುಗೊಳಿಸುವ ಒಂದು ತುಣುಕು ಪತ್ತೆಯಾಯಿತು. ರೋಗಿಯದೇ ಕಾಂಡಕೋಶಗಳನ್ನು ಹೊರತೆಗೆದು, ಕ್ರಿಸ್ಪರ್ ಕತ್ತರಿಯಿಂದ ಆ ಜಾಗವನ್ನಷ್ಟೇ ಕತ್ತರಿಸಿ ಮರಳಿಸುವ ಚಿಕಿತ್ಸೆಗೆ ಬ್ರಿಟನ್ 2023ರ ನವೆಂಬರಿನಲ್ಲಿ, ಅಮೆರಿಕ ಡಿಸೆಂಬರಿನಲ್ಲಿ ಒಪ್ಪಿಗೆ ನೀಡಿದವು. ಮೊದಲು ಹಳೆಯ ಮಜ್ಜೆಯನ್ನು ಕಟುವಾದ ಔಷಧಿಯಿಂದ ಖಾಲಿ ಮಾಡಬೇಕು. ಅಮೆರಿಕದಲ್ಲಿ ಅದಕ್ಕೆ ನಿಗದಿಯಾದ ಬೆಲೆಯೋ 22 ಲಕ್ಷ ಡಾಲರ್!

ಭಾರತದಲ್ಲಿ ಈ ರೋಗದ ಲಕ್ಷಣ ಮೊದಲು ವರದಿಯಾದದ್ದು 1952ರಲ್ಲಿ, ನೀಲಗಿರಿಯ ಗುಡ್ಡಗಾಡು ಜನರಲ್ಲಿ. ಪಕ್ಕದ ಮೈಸೂರು, ಚಾಮರಾಜನಗರ ಜಿಲ್ಲೆಗಳ ಆದಿವಾಸಿ ಹಾಡಿಗಳಲ್ಲೂ ಇದು ಇದೆ. ಅಲ್ಲಿನ ತಾಯ್ತಂದೆಯರಿಗೆ ಡಾಲರಿನ ಲೆಕ್ಕ ಹೇಳಿ ಫಲವಿಲ್ಲ. ವೈದ್ಯರ ಉಸ್ತುವಾರಿಯಲ್ಲಿ ಕೊಡುವ ಹೈಡ್ರಾಕ್ಸಿಯೂರಿಯಾ ಎಂಬ ಅಗ್ಗದ ಔಷಧಿಯೂ ಭ್ರೂಣ ಹಿಮೋಗ್ಲೋಬಿನ್ನನ್ನು ಹೆಚ್ಚಿಸುತ್ತದೆ, ನೋವಿನ ಸರದಿಗಳನ್ನು ಕಡಿಮೆ ಮಾಡುತ್ತದೆ. ಮದುವೆಗೆ ಮುಂಚೆ ರಕ್ತಪರೀಕ್ಷೆ ಮಾಡಿಸಿದರೆ ವಾಹಕರು ಯಾರೆಂದು ತಿಳಿಯುತ್ತದೆ. ಗಂಡಹೆಂಡಿರಿಬ್ಬರೂ ವಾಹಕರಾಗಿದ್ದರೆ ಪ್ರತಿ ಬಸಿರಿನಲ್ಲೂ ರೋಗದ ಮಗು ಹುಟ್ಟುವ ಸಾಧ್ಯತೆ ನಾಲ್ಕರಲ್ಲಿ ಒಂದು.