ವಾರೆನ್ ಮೂನ್‌ಗೆ ಮೆರಿಟ್ ಇರಲಿಲ್ವಾ?

ಮೆರಿಟ್ ಮೆರಿಟ್ ಅಂತ ಬಾಯಿ ಬಡ್ಕೊಳ್ಳೋರೇ, ವಾರೆನ್ ಮೂನ್ ಹೆಸರು ಕೇಳಿದ್ದೀರಾ? ಅಮೆರಿಕನ್ ಫುಟ್‌ಬಾಲ್‌ನಲ್ಲಿ ಕ್ವಾರ್ಟರ್‌ಬ್ಯಾಕ್ ಅಂದ್ರೆ ತಂಡದ ತಲೆ, ಆಟ ಆಡಿಸೋನು. ಕಪ್ಪು ಜನ ಓಡ್ಲಿ, ಗುದ್ದಾಡ್ಲಿ, ಯೋಚನೆ ಮಾತ್ರ ಬಿಳಿಯರದ್ದು! ಇದು ಆಗ ಅಲ್ಲಿದ್ದ ಮನುಸ್ಮೃತಿ.

1978ರ ರೋಸ್ ಬೌಲ್‌ನಲ್ಲಿ ವಾಷಿಂಗ್ಟನ್ ವಿಶ್ವವಿದ್ಯಾಲಯವನ್ನು ಗೆಲ್ಲಿಸಿದ ಮೂನ್‌ಗೆ ಪಂದ್ಯಶ್ರೇಷ್ಠ ಪ್ರಶಸ್ತಿ ಸಿಕ್ತು. ಆದರೂ ಎನ್‌ಎಫ್‌ಎಲ್‌ನವರು, ಕ್ವಾರ್ಟರ್‌ಬ್ಯಾಕ್ ಬಿಟ್ಟು ಬೇರೆ ಜಾಗದಲ್ಲಿ ಆಡು ಅನ್ನೋ ರಾಗ ತೆಗೆದ್ರು. ಮೂನ್ ಜಗ್ಗಲಿಲ್ಲ. ಕೆನಡಾದ ಎಡ್ಮಂಟನ್‌ಗೆ ಹೋಗಿ 1978ರಿಂದ 82ರವರೆಗೆ ಸತತ ಐದು ಗ್ರೇ ಕಪ್ ಗೆದ್ದ ತಂಡದಲ್ಲಿ ಆಡಿದರು. ಆಮೇಲೆ ನೋಡಿ, ಅದೇ ಎನ್‌ಎಫ್‌ಎಲ್ ತಂಡಗಳು ಪೈಪೋಟಿಗೆ ಬಿದ್ವು! 1984ರಲ್ಲಿ ಹ್ಯೂಸ್ಟನ್ ಸೇರಿದರು.

2006ರಲ್ಲಿ ಹಾಲ್ ಆಫ್ ಫೇಮ್ ಸೇರಿದ ಮೊದಲ ಕಪ್ಪು ಕ್ವಾರ್ಟರ್‌ಬ್ಯಾಕ್ ಅಂತ ಹಾರ ಹಾಕಿದ್ರು. ಸರಿ. ಗಡೀಪಾರಾದ ಆ ಆರು ವರ್ಷ? ಆ ಜಾಗ ಬಿಳಿಯರಿಗೇ ಮೀಸಲಿತ್ತಲ್ಲ, ಅದನ್ನ ಯಾಕೆ ಯಾರೂ ಮೀಸಲಾತಿ ಅನ್ನಲಿಲ್ಲ?