ಅಜ್ಜಂದಿರನ್ನು ಮೂಲೆಗೆ ಕೂಡಿಸಬೇಡಿ
1980ರ ಜುಲೈ 21ರಂದು ಕರದ ವಿರುದ್ಧ ನರಗುಂದದ ಬೀದಿಗಿಳಿದ ರೈತ ತರುಣರಿಗೆ ಈಗ ಎಪ್ಪತ್ತರ ಆಸುಪಾಸು. ಅವರ ಹೊಲ, ಗಜೇಂದ್ರಗಡದ ಓರಗೆಯವರ ಮಗ್ಗ, ರೋಣದವರ ಅಂಗಡಿ ಎಲ್ಲ ಮಕ್ಕಳ ಕೈಸೇರಿವೆ. ಹಿರಿಯರು ಪಡಸಾಲೆಯ ಮೂಲೆ ಹಿಡಿದಿದ್ದಾರೆ. "ಅಪ್ಪಾ, ವಯಸ್ಸಾತು, ಸುಮ್ನ ಕುಂದ್ರು" ಎನ್ನುವುದು ಕಾಳಜಿಯೇ ಹೌದು. ಆದರೆ ಕುಂತಷ್ಟೂ ತೊಡೆ ಸೊರಗುತ್ತದೆ, ಮಾತು ನಿಂತಷ್ಟೂ ಮನಸ್ಸು ಕುಗ್ಗುತ್ತದೆ. ದಿನಾ ಅರ್ಧ ತಾಸು ನಡೆದು, ಕುರ್ಚಿಯಿಂದ ಹತ್ತಾರು ಸಲ ಎದ್ದು ಕೂತರೆ ಎಪ್ಪತ್ತರಲ್ಲೂ ಕಾಲಿಗೆ ಕಸುವು ಬರುತ್ತದೆ. ಅರವತ್ತು ದಾಟಿದವರಿಗೆ ಸರಕಾರಿ ಬಸ್ಸಿನಲ್ಲಿ ಶೇ. 25 ರಿಯಾಯಿತಿ ಉಂಟು. ಸಂತೆಗೆ ಅವರನ್ನೂ ಕರೆದುಕೊಂಡು ಬನ್ನಿ. ಅಂಗಡಿಕಾರರು ಬಾಗಿಲ ಮುಂದೆ ಒಂದು ಬೆಂಚು ಹಾಕಲಿ. ಸಂಧ್ಯಾ ಸುರಕ್ಷಾ ಪಿಂಚಣಿ ಸರಕಾರ ಕೊಟ್ಟೀತು, "ಯಾಕ್ರೀ ಯಜಮಾನ್ರ, ಎರಡ ದಿನಾ ಕಾಣಲಿಲ್ಲ?" ಎಂದು ಊರವರೇ ಕೇಳಬೇಕು.