ಉಸ್ತುವಾರಿ ಸಮಿತಿಯೋ, ಶಾಲು ಸಮಿತಿಯೋ?



ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ತಾಲ್ಲೂಕುಗಳ ಕೇರಿ, ಹಟ್ಟಿ, ತಾಂಡಾಗಳಿಂದ ಬಂದು ಓದ್ತಾ ಇರೋ ನಿಮಗೆ ಒಂದು ಪ್ರಶ್ನೆ. ದಾವಣಗೆರೆ ಜಿಲ್ಲೆಯ ಜಾಗೃತಿ ಮತ್ತು ಉಸ್ತುವಾರಿ ಸಮಿತಿಯಲ್ಲಿ ನಿಮ್ಮ ಪರವಾಗಿ ಕೂತಿರೋರು ಯಾರು? ಹೆಸರು ಹೇಳಿ ನೋಡೋಣ. ಸಿನಿಮಾ ನಟನ ಹುಟ್ಟಿದ ತಾರೀಕು ಗೊತ್ತು, ಎಂ.ಎಲ್.ಎ. ಹಿಂದೆ ತಿರುಗೋರ ಹೆಸರೂ ಗೊತ್ತು. ಇದು ಗೊತ್ತಿಲ್ಲ. ನಿಮ್ಮದೇನೂ ತಪ್ಪಿಲ್ಲ ಬಿಡಿ. ನಿಮಗೆ ಗೊತ್ತಾಗದೆ ಇದ್ದರೇನೇ ಕೆಲವರಿಗೆ ಅನುಕೂಲ.

ಈ ಸಮಿತಿ ಯಾವ ಮಂತ್ರಿಯೂ ಕರುಣೆ ತೋರಿ ಕೊಟ್ಟದ್ದಲ್ಲ. 1989ರ ದೌರ್ಜನ್ಯ ತಡೆ ಕಾಯ್ದೆಯ ಕೆಳಗೆ 1995ರಲ್ಲಿ ಬಂದ ನಿಯಮಗಳಲ್ಲಿ 17ನೇದು ಇದು. ಜಿಲ್ಲಾಧಿಕಾರಿ ಅಧ್ಯಕ್ಷರು, ಸಮಾಜ ಕಲ್ಯಾಣ ಅಧಿಕಾರಿ ಸದಸ್ಯ ಕಾರ್ಯದರ್ಶಿ. ಎಂ.ಪಿ., ಎಂ.ಎಲ್.ಎ.ಗಳು, ಪೊಲೀಸ್ ವರಿಷ್ಠಾಧಿಕಾರಿ ಎಲ್ಲರೂ ಕೂರಬೇಕು. ಅವರ ಮುಖಕ್ಕೆ ಮುಖ ಕೊಟ್ಟು ಕೇಳೋದಕ್ಕೆ ಪರಿಶಿಷ್ಟ ಜಾತಿ, ಪಂಗಡದ ಸರ್ಕಾರಿಯೇತರ ಸದಸ್ಯರು 5 ಜನರವರೆಗೆ, ಸ್ವಯಂಸೇವಾ ಸಂಸ್ಥೆಗಳ ಸಂಬಂಧ ಇರೋ ಬೇರೆ ಜಾತಿಯವರು 3 ಜನರವರೆಗೆ. ಕನಿಷ್ಠ 3 ತಿಂಗಳಿಗೊಂದು ಸಲ ಸೇರಲೇಬೇಕು. ಉಪವಿಭಾಗ ಮಟ್ಟಕ್ಕೂ ಇಂಥದೇ ಒಂದು ಸಮಿತಿಯನ್ನು ಆಮೇಲೆ 17-ಎ ನಿಯಮದಲ್ಲಿ ಸೇರಿಸಿದರು.

ಕೆಲಸ ಏನು? ಕೇಸುಗಳ ಲೆಕ್ಕ ಕೇಳೋದು. ದೂರು ದಾಖಲಾಗಿ 60 ದಿನದೊಳಗೆ ಆರೋಪಪಟ್ಟಿ ಕೋರ್ಟಿಗೆ ಹೋಗಬೇಕು, ಹೋಯ್ತಾ? ಡಿವೈಎಸ್ಪಿ ದರ್ಜೆಗೆ ಕಡಿಮೆ ಇಲ್ಲದ ಅಧಿಕಾರಿ ತನಿಖೆ ಮಾಡಬೇಕು, ಮಾಡಿದ್ದಾರಾ ಅಥವಾ ಬರೀ ಸಹಿ ಹಾಕಿದ್ದಾರಾ? ಪರಿಹಾರದ ಮೊದಲ ಕಂತು 7 ದಿನದಲ್ಲಿ ಕೈಗೆ ಸೇರಬೇಕು, ಸೇರಿದೆಯಾ? ಹೊಡೆಸಿಕೊಂಡವನು ಕೂಲಿ ಬಿಟ್ಟು ಠಾಣೆಗೆ, ಆಸ್ಪತ್ರೆಗೆ, ಕಚೇರಿಗೆ ಅಲೀತಾನೆ. ಹೊಡೆದವನ ತೋಟದಲ್ಲೇ ಅವನ ಹೆಂಡತಿಗೆ ಕೂಲಿ. ಅದೂ ನಿಲ್ಲುತ್ತೆ. ಅಷ್ಟರಲ್ಲಿ ಕೌಂಟರ್ ಕೇಸು ಬೀಳುತ್ತೆ. ಊರಿನ ಹಿರೀಕರು ಬಂದು ‘ಏನೋ ಆಗೋಯ್ತು, ರಾಜಿ ಮಾಡ್ಕೊಳ್ರಪ್ಪ’ ಅಂತಾರೆ. ಮೊದಲ ಕಂತು ಆ ವಾರದಲ್ಲೇ ಬಂದಿದ್ದರೆ ಅವನು ರಾಜಿಗೆ ಬಗ್ಗುತ್ತಿರಲಿಲ್ಲ. ಸಮಿತಿಯಲ್ಲಿ ಕೂತವರು ಬಾಯಿ ಬಿಡದೆ ಎದ್ದು ಬಂದರೆ ಆ ಮನೆಯ ಒಲೆಯೇ ಆರುತ್ತೆ.

ನಮ್ಮವರು ಇದನ್ನು ಏನು ಮಾಡಿಟ್ಟಿದ್ದಾರೆ? ಕಾರಿನ ಗಾಜಿಗೆ ‘ಸದಸ್ಯರು’ ಅಂತ ಬೋರ್ಡು, ಸಭೆಯಲ್ಲಿ ಬಿಸ್ಕತ್ತು, ಏಪ್ರಿಲ್ 14ಕ್ಕೆ ಶಾಲು. ಇರೋ 5 ಕುರ್ಚಿಗೆ ಎಡಗೈ, ಬಲಗೈ, ಲಂಬಾಣಿ, ಭೋವಿ, ನಾಯಕ ಅಂತ ಕಿತ್ತಾಟ. ಒಳಮೀಸಲಾತಿಯ ನ್ಯಾಯ ಬೇರೆ, ಅದು ಆಗಲೇಬೇಕಾದ ನ್ಯಾಯ. 2024ರ ಆಗಸ್ಟ್ 1ರಂದು ಸುಪ್ರೀಂ ಕೋರ್ಟೂ ಒಪ್ಪಿದೆ. ಆದರೆ ಕುರ್ಚಿ ನಮ್ಮ ಜಾತಿಗೆ ಬಂತು ಅಂತ ಪಟಾಕಿ ಹೊಡೆದವರು, ಅಲ್ಲಿ ಕೂತು ಏನು ಕೇಳಿದಿರಿ ಅಂತ ಯಾವತ್ತಾದರೂ ಕೇಳಿದ್ದಾರಾ? ಎಂ.ಎಲ್.ಎ. ಶಿಫಾರಸಿನಿಂದ ಒಳಗೆ ಹೋದವನು ಎಂ.ಎಲ್.ಎ. ಎದುರು ಏನು ಮಾತಾಡಿಯಾನು?

ಬಾಬಾಸಾಹೇಬರೂ ಸಮಿತಿಯ ಸದಸ್ಯರಾಗಿದ್ದರು. 1928ರಲ್ಲಿ ಅಸ್ಪೃಶ್ಯರ ದೂರುಗಳ ವಿಚಾರಣೆಗೆ ಬೊಂಬಾಯಿ ಸರ್ಕಾರ ನೇಮಿಸಿದ ಸಮಿತಿ ಅದು. ಜೊತೆಗಿದ್ದ ಸದಸ್ಯ ಬರಲಿಲ್ಲ. ಒಬ್ಬರೇ ಖಾನ್‌ದೇಶದ ಊರಿಗೆ ಹೋಗಿ ಸಾಮಾಜಿಕ ಬಹಿಷ್ಕಾರದ ಕೇಸು ವಿಚಾರಿಸಿದರು. ವಾಪಸು ಬರುವಾಗ 1929ರ ಅಕ್ಟೋಬರ್ 23ರಂದು ಚಾಳೀಸಗಾಂವ್‌ನಲ್ಲಿ ಅವರನ್ನು ಕೂರಿಸಿಕೊಳ್ಳೋಕೆ ಟಾಂಗಾದವರು ಒಪ್ಪಲಿಲ್ಲ. ಗಾಡಿ ಹೊಡೆದು ಗೊತ್ತಿಲ್ಲದ ಕೇರಿಯವನೇ ಹೊಡೆದ. ಸೇತುವೆಯ ಅಂಚಿನ ಕಲ್ಲಿಗೆ ಚಕ್ರ ಬಡಿದು ಬಾಬಾಸಾಹೇಬರು ಕಲ್ಲಿನ ಮೇಲೆ ಬಿದ್ದು ಕಾಲು ಮುರಿದುಕೊಂಡರು. ಸರ್ಕಾರ ನೇಮಿಸಿದ ಸದಸ್ಯನ ಗತಿಯೇ ಇದು. ಅವರು ಕಚೇರಿಯಲ್ಲಿ ಕೂತು ಕಡತ ತಿರುವಲಿಲ್ಲ, ಬಹಿಷ್ಕಾರ ಬಿದ್ದ ಊರಿಗೇ ಹೋದರು. ನಮ್ಮ ಸದಸ್ಯರಿಗೆ ಜಗಳೂರಿನ ಹಟ್ಟಿಗೆ ಹೋಗೋಕೆ ಟಾಂಗಾ ಬೇಕಿಲ್ಲ, ಬಸ್ಸಿದೆ.

ತಾಂಡಾದ ಮಾತೂ ಇದೇ. ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪ ಸೇವಾಲಾಲರು ಹುಟ್ಟಿದ ಊರು. ಫೆಬ್ರವರಿಯ ಜಾತ್ರೆಗೆ ಮಂತ್ರಿಗಳ ಕಾರು ಸಾಲುಗಟ್ಟುತ್ತವೆ. ಕಬ್ಬು ಕಡಿಯೋಕೆ, ಕಾಫಿ ತೋಟಕ್ಕೆ ಗುಳೆ ಹೋದ ಮಂದಿಗೆ ಅಲ್ಲಿ ಏಟು ಬಿದ್ದರೆ, ಕೂಲಿ ಕೊಡದೆ ಕೂಡಿಹಾಕಿದರೆ, ಅದನ್ನು ಯಾವ ಜಿಲ್ಲೆಯ ಸಮಿತಿ ಕೇಳಬೇಕು? ಏಟು ಬಿದ್ದ ಜಾಗದ ಸಮಿತಿಗೆ ಇವರು ಹೊರಗಿನವರು, ಊರಿನ ಸಮಿತಿಗೆ ಕೇಸು ಹೊರಗಿನದು. ಮೂರು ತಿಂಗಳಿಗೊಮ್ಮೆ ಕೂತು ಟೀ ಕುಡಿಯೋರು ಪಕ್ಕದ ಜಿಲ್ಲೆಯ ಸಮಿತಿಗೆ ಒಂದು ಕಾಗದ ಬರೆಸೋಕಾಗಲ್ವಾ?

ಈಗ ಕೆಲಸದ ಮಾತು. ಮಾಹಿತಿ ಹಕ್ಕು ಅರ್ಜಿಗೆ 10 ರೂಪಾಯಿ. ಒಂದೇ ವಿಷಯ, 150 ಪದ ಮೀರಬಾರದು. ‘ಸಾರ್ವಜನಿಕ ಮಾಹಿತಿ ಅಧಿಕಾರಿ, ಸಮಾಜ ಕಲ್ಯಾಣ ಇಲಾಖೆ, ದಾವಣಗೆರೆ’ ಅಂತ ಬರೆಯಿರಿ. ಕಳೆದ 2 ವರ್ಷದಲ್ಲಿ ಸಮಿತಿ ಸೇರಿದ ದಿನಾಂಕಗಳು, ಹಾಜರಾದವರ ಸಹಿಪಟ್ಟಿ, ನಡಾವಳಿಯ ಪ್ರತಿ ಕೇಳಿ. ಉತ್ತರಕ್ಕೆ 30 ದಿನ ಗಡುವು. ಬಂದದ್ದನ್ನು ಜೆರಾಕ್ಸ್ ಮಾಡಿಸಿ ಹಾಸ್ಟೆಲ್ ನೋಟೀಸ್ ಬೋರ್ಡಿನಲ್ಲಿ ಊಟದ ಮೆನು ಪಕ್ಕ ಅಂಟಿಸಿ. ಇನ್ನೊಂದು ಪ್ರತಿ ಇಟ್ಟುಕೊಳ್ಳಿ. ಏಪ್ರಿಲ್ 14ಕ್ಕೆ ಶಾಲು ಹೊದ್ದುಕೊಳ್ಳೋಕೆ ಸದಸ್ಯರು ಬಂದಾಗ, ವೇದಿಕೆ ಹತ್ತೋ ಮುಂಚೆ ಅವರ ಕೈಗೆ ಕೊಡಿ.